ಒಂದು ಕಿಲೋ ಕಲ್ಲು, ಒಂದು ಹಿಡಿ ಕೊಸರು

ಹೋದ ತಿಂಗಳು ತೂಕ ಮತ್ತು ಅಳತೆಯ ಸಾಹೇಬರು ನಮ್ಮ ಕಿರಾಣಿ ಅಂಗಡಿಗೆ ಬಂದಿದ್ದರು. ಬಂದು ಕರೆಂಟಿನ ತಕ್ಕಡಿಯನ್ನು ಪರೀಕ್ಷೆ ಮಾಡಿ ಮುದ್ರೆ ಹಾಕಿ ಹೋಗುವುದು ಅವರ ಕೆಲಸ. ಅವರು ಹೋಗುವ ತನಕ ಕೈ ಕಟ್ಟಿಕೊಂಡು ನಿಲ್ಲುವುದು ನನ್ನ ಕೆಲಸ. ಅಪ್ಪನ ಕಾಲದಿಂದ ಹಗರಿಬೊಮ್ಮನಹಳ್ಳಿಯಲ್ಲಿ ಇದೇ ಅಂಗಡಿ ನಡೆಸುತ್ತ ಬಂದಿದ್ದೇನೆ, ಒಂದು ಗುಲಗಂಜಿ ತೂಕ ಕಡಿಮೆ ಕೊಟ್ಟವನಲ್ಲ, ಆದರೂ ಆ ಸಾಹೇಬರ ಚೀಲ ಕಂಡರೆ ಗಲ್ಲಾ ಬಿಟ್ಟು ಎದ್ದು ನಿಲ್ಲುತ್ತೇನೆ. ಮುದ್ರೆ ಹಾಕಿ ಎದ್ದವರು ಗಲ್ಲಾಪೆಟ್ಟಿಗೆಯ ಹಿಂದೆ ಕಣ್ಣು ಹಾಯಿಸಿ, "ಅದೇನ್ರಿ ಅದು?" ಎಂದರು.

ಅಲ್ಲಿ ಒಂದು ಕಿಲೋದ ಹಳೆಯ ಕಲ್ಲು ಇತ್ತು. ಕಲ್ಲು ಅಂದರೆ ಕಬ್ಬಿಣದ ತೂಕದ ಕಲ್ಲು, ಆರು ಮೂಲೆಯದು. ಅದಕ್ಕೆ ಮುರಿದ ಲಟ್ಟಣಿಗೆಯ ಅರ್ಧ ತುಂಡನ್ನು ಓರೆಯಾಗಿ ಕೂಡಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಲಾಗಿತ್ತು.

"ಮುದ್ರಿ ಇಲ್ಲದ ಕಲ್ಲು ಅಂಗಡ್ಯಾಗ ಇಡಂಗಿಲ್ಲ ನೋಡ್ರಿ. ಜಪ್ತಿ ಮಾಡಬೇಕಾಗ್ತೈತಿ."

"ಸಾಹೇಬ್ರ, ಅದು ಕಲ್ಲಲ್ರಿ."

"ಮತ್ತೇನದು?"

"ಪಿಸ್ತೂಲ್ರಿ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜೊತೆಯಲ್ಲಿದ್ದ ಜವಾನನೂ ನಕ್ಕ. ಅವರ ಜೊತೆ ನಾನೂ ನಕ್ಕೆ, ಆಮೇಲೆ ನಗು ನಿಂತರೂ ಕಣ್ಣು ಸುಮ್ಮನಾಗಲಿಲ್ಲ. ಅರವತ್ತೈದು ದಾಟಿದ ಗಂಡಸು ಗಲ್ಲಾದ ಮುಂದೆ ನಿಂತು ಹೆಗಲ ವಸ್ತ್ರದಿಂದ ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ಸಾಹೇಬರಿಗೆ ಏನನ್ನಿಸಿತೋ, ಆ ಕಲ್ಲನ್ನು ಮುಟ್ಟದೆ ಹೊರಟುಹೋದರು.

ನಿಮಗೂ ನಗು ಬಂದಿರಬಹುದು. ನಗಲು ಅಡ್ಡಿಯಿಲ್ಲ. ಅದನ್ನು ಕಟ್ಟಿದಾಗ ನಾವು ಮೂವರೂ ಬಿದ್ದು ಬಿದ್ದು ನಕ್ಕಿದ್ದೆವು. ಆ ಮೂವರಲ್ಲಿ ಒಬ್ಬ ನಾನು. ಇನ್ನೊಬ್ಬ ಕೊಟ್ರೇಶ, ನನ್ನ ಬಾಲ್ಯದ ಗೆಳೆಯ, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಮೂರನೆಯವಳು ಅವನ ಹೆಂಡತಿ ಗಂಗಮ್ಮ. ಲಟ್ಟಣಿಗೆ ಅವಳದು.

ಕೊಟ್ರೇಶ ಹುಟ್ಟಿದ್ದು ಕೊಟ್ಟೂರಿನಲ್ಲಿ, ಬೆಳೆದದ್ದು ನಮ್ಮ ಓಣಿಯ ಸೋದರಮಾವನ ಮನೆಯಲ್ಲಿ. ಅವನ ಕಣ್ಣು ಎಂಥದೆಂದರೆ, ಶಾಲೆಯ ಹಿಂದಿನ ಬಯಲಿನಲ್ಲಿ ಗೋಲಿ ಆಡುವಾಗ ಯಾವ ಗೋಲಿಗೆ ಹೊಡೆಯುತ್ತೇನೆಂದು ಮೊದಲೇ ಹೇಳಿ ಹೊಡೆಯುತ್ತಿದ್ದ. ನಾನೂ ಹೇಳಿಯೇ ಹೊಡೆಯುತ್ತಿದ್ದೆ, ಆದರೆ ನನ್ನ ಗೋಲಿ ಪಕ್ಕದ ಹುಣಸೆಗಿಡದ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು. ಒಮ್ಮೆ ಮೇಯುತ್ತಿದ್ದ ಎಮ್ಮೆಯ ಕೋಡಿಗೆ ತಾಗಿ ಟಣ್ ಎಂದಿತು. ಊರಿನಲ್ಲಿ ನಾನು ಗುರಿಯಿಟ್ಟು ಹೊಡೆದ ವಸ್ತು ಅಂತ ಒಂದಿದ್ದರೆ ಅದು ಆ ಎಮ್ಮೆ, ಅದಕ್ಕೂ ನಾನು ಗುರಿ ಇಟ್ಟಿರಲಿಲ್ಲ.

ನನಗೆ ಬಂದ ವಿದ್ಯೆ ಬೇರೆ. ತಕ್ಕಡಿ ಹಿಡಿದು ಮುಳ್ಳು ನಡುವೆ ನಿಲ್ಲಿಸುವುದು, ನಿಂತ ಮೇಲೆ ಕೊಸರು ಹಾಕುವುದು. ಅಪ್ಪ ನನಗೆ ಅಂಗಡಿ ಕಲಿಸಿದ್ದು ಅದೊಂದರಿಂದಲೇ. ತೂಕ ಸರಿಯಾಯಿತು ಅಂತ ಕೈ ತೆಗೆಯಬೇಡ, ಇನ್ನೊಂದು ಹಿಡಿ ಹಾಕು, ಗಿರಾಕಿ ಆ ಹಿಡಿಯನ್ನು ನೋಡಿಕೊಂಡೇ ನಾಳೆ ಬರುತ್ತಾನೆ ಅನ್ನುತ್ತಿದ್ದ. ಕರೆಂಟಿನ ತಕ್ಕಡಿ ಬಂದು ಅಂಕಿ ಕಾಣಿಸತೊಡಗಿದ ಮೇಲೂ ನನ್ನ ಕೈ ತಾನೇ ಚೀಲಕ್ಕೆ ಹೋಗಿ ಒಂದು ಹಿಡಿ ಅಲಸಂದಿಯನ್ನೋ ನಾಲ್ಕು ಒಣಮೆಣಸಿನಕಾಯಿಯನ್ನೋ ಪೊಟ್ಟಣಕ್ಕೆ ಸೇರಿಸುತ್ತದೆ. ನನ್ನ ಹೆಂಡತಿ, "ನಿಮಗ ಮಾತಿನಾಗೂ ಕೊಸರು ಹಾಕೋ ಚಟ. ಹೌದೋ ಅಲ್ಲೋ ಅಂತ ಕೇಳಿದ್ರ ಹೌದು ಅಂದು ಮ್ಯಾಲೊಂದು ಹಿಡಿ ಪುರಾಣ" ಎಂದು ಯಾವಾಗಲೂ ಛೇಡಿಸುತ್ತಾಳೆ. ಅವಳ ಆ ಮಾತನ್ನು ನಾನು ತಮಾಷೆ ಎಂದುಕೊಂಡಿದ್ದೆ.

ಕೊಟ್ರೇಶ ಶಾಲೆಯಲ್ಲಿದ್ದಾಗ ಎನ್‌ಸಿಸಿ ನೋಡಿಕೊಳ್ಳುತ್ತಿದ್ದ. ಕ್ಯಾಂಪುಗಳಲ್ಲಿ ಹುಡುಗರನ್ನು ನೆಲಕ್ಕೆ ಮಲಗಿಸಿ, ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ. ನಿವೃತ್ತಿಯಾಗಿ ಆರು ತಿಂಗಳಿಗೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಶೇಂಗಾ ಚೀಲದ ಮೇಲೆ ಕುಳಿತು, "ಬಸ್ಯಾ, ಒಂದು ಪಿಸ್ತೂಲು ತಗೋಬೇಕಂತ ಮಾಡೀನಿ ಲೇ" ಎಂದ. ನಾನು ಸಕ್ಕರೆ ತೂಗುತ್ತಿದ್ದೆ. ಆ ದಿನ ಆ ಗಿರಾಕಿಗೆ ಕೊಸರು ಜಾಸ್ತಿಯೇ ಹೋಗಿರಬೇಕು.

"ಯಾರನ್ನ ಹೊಡಿಯಾಕಪ್ಪ?"

"ಕಾಗದ. ಕಾಗದದ ನಡುವಿನ ಕರಿ ಚುಕ್ಕಿ."

"ರೈಫಲ್ಲ ತಗೋ ಮತ್ತ. ಅದು ನಿನಗ ಬರ್ತೈತಿ."

"ಮಲಗಿ ಹೊಡೀಬೇಕಲ್ಲ ಅದನ್ನ. ಮಲಗಿದ್ರ ಏಳಾಕ ಇಬ್ಬರು ಬೇಕು ಈಗ. ಪಿಸ್ತೂಲು ನಿಂತು ಹೊಡಿಯೋದು."

ನಮ್ಮ ಸೀಮೆಯಲ್ಲಿ ಬಂದೂಕು ಹೊಸದೇನಲ್ಲ. ಕೂಡ್ಲಿಗಿ ಕಡೆ ಕರಡಿ, ಹಂದಿಗಳ ಕಾಟಕ್ಕೆ ಶೇಂಗಾ ಹೊಲ ಕಾಯುವ ಬಂದೂಕುಗಳಿವೆ. ಚುನಾವಣೆ ಬಂತೆಂದರೆ ಅವುಗಳ ಮಾಲೀಕರು ಗೋಣಿಚೀಲದಲ್ಲಿ ಸುತ್ತಿಕೊಂಡು ಪೊಲೀಸ್ ಠಾಣೆಯಲ್ಲಿ ಇಟ್ಟುಬರುತ್ತಾರೆ, ಮುಗಿದ ಮೇಲೆ ಮರಳಿ ತರುತ್ತಾರೆ. ಅವುಗಳಲ್ಲಿ ಒಂದನ್ನು ಕೊಂಡರಾಯಿತಲ್ಲ ಎಂದೆ. ಕೊಟ್ರೇಶ ನನ್ನನ್ನು ಕನಿಕರದಿಂದ ನೋಡಿದ. "ಅವು ಹಂದಿ ಓಡಸಾಕ. ಇದು ಮನಸ ನಿಲ್ಲಸಾಕ."

ಅಲ್ಲಿಂದ ಶುರುವಾಯಿತು ನಮ್ಮ ಪಿಸ್ತೂಲಿನ ಆಯ್ಕೆ. ಮಗಳಿಗೆ ವರ ಹುಡುಕುವಾಗಲೂ ಕೊಟ್ರೇಶ ಇಷ್ಟು ಯೋಚಿಸಿರಲಿಲ್ಲ. ನೂರು ಹಾಳೆಯ ನೋಟ್‌ಬುಕ್ಕೊಂದನ್ನು ನನ್ನ ಅಂಗಡಿಯಲ್ಲೇ ತೆಗೆದುಕೊಂಡ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಇಬ್ಬರೂ ಮೊಬೈಲಿನಲ್ಲಿ ಚಿತ್ರ ನೋಡುವುದು, ಅವನು ಬರೆದುಕೊಳ್ಳುವುದು, ನಾನು ಸಂಬಂಧವಿಲ್ಲದ ಪ್ರಶ್ನೆ ಕೇಳುವುದು. ಪಾಯಿಂಟ್ ಟೂ ಟೂ ಪಿಸ್ತೂಲೇ ಯಾಕೆಂದರೆ ಅದರ ಗುಂಡು ಅಗ್ಗ. ಅಗ್ಗವಾದರೆ ದಿನಾ ಹೊಡೆಯಬಹುದು, ದಿನಾ ಹೊಡೆದರೆ ಮಾತ್ರ ಕೈ ಪಳಗುತ್ತದೆ. ಸದ್ದು ಸಣ್ಣದು, ಹಿಂದಕ್ಕೆ ಒದೆಯುವುದಿಲ್ಲ, ಮುದುಕರ ಮಣಿಕಟ್ಟಿಗೆ ಹೇಳಿಮಾಡಿಸಿದ್ದು. ಬೇರೆ ಗುಂಡುಗಳಿಗೆ ಹಿಂಬದಿಯ ನಟ್ಟನಡುವೆ ಪೆಟ್ಟು ಬೀಳುತ್ತದೆ, ಇದಕ್ಕೆ ಅಂಚಿಗೆ ಬೀಳುತ್ತದೆ. ಅದಕ್ಕೇ ಗುಂಡಿಲ್ಲದೆ ಸುಮ್ಮನೆ ಕುದುರೆ, ಅಂದರೆ ಟ್ರಿಗರ್, ಎಳೆಯಬಾರದು, ಒಳಗಿನ ಮೊಳೆ ನೇರ ಲೋಹಕ್ಕೆ ಬಡಿದು ಹಾಳಾಗುತ್ತದೆ. ಇದು ನೋಟ್‌ಬುಕ್ಕಿನಲ್ಲಿ ಅವನು ಎರಡು ಗೆರೆ ಎಳೆದು ಬರೆದುಕೊಂಡಿದ್ದ ಮಾತು.

ತೂಕ ಎಷ್ಟಿರಬೇಕು ಎಂಬುದರ ಮೇಲೆ ಒಂದು ಬೇಸಿಗೆ ಹೋಯಿತು. ಹಗುರವಾದರೆ ಕೈ ನಡುಗುತ್ತದೆ, ಭಾರವಾದರೆ ಬೇಗ ಇಳಿಯುತ್ತದೆ. ಕೊನೆಗೆ ಕಿಲೋದ ಆಚೆಈಚೆ ಇರಲಿ ಎಂದು ತೀರ್ಮಾನವಾಯಿತು. ಪಿಸ್ತೂಲಿನ ಹಿಡಿ ಸಣ್ಣದಿರಬೇಕು ಎಂದು ಅವನೇ ಹಟ ಹಿಡಿದ. ಅವನ ಅಂಗೈಯೋ ಮೊರದಷ್ಟು ಅಗಲ. "ನಿನಗ್ಯಾಕ ಸಣ್ಣ ಹಿಡಿ?" ಎಂದರೆ, ನನ್ನ ಕೈಯನ್ನು ನೋಟ್‌ಬುಕ್ಕಿನ ಮೇಲೆ ಒತ್ತಿಸಿ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತ, "ಗುರಿ ಹೊಡಿಯೋ ರೇಂಜಿಗೆ ನಾ ಒಬ್ಬನ ಹೋಗ್ಲೇನು? ನೀನೂ ಹಿಡೀಬೇಕಲ್ಲ" ಎಂದ.

ಅಂಗಡಿಗೆ ಹೊಸ ತಕ್ಕಡಿ ಬಂದು ಹಳೆಯ ಕಲ್ಲುಗಳು ಮೂಲೆ ಸೇರಿದ್ದವು. ಅದರಲ್ಲಿ ಕಿಲೋದ ಕಲ್ಲನ್ನು ಅವನು ಎತ್ತಿಕೊಂಡ. ಹಿಡಿಗೆ ಕಟ್ಟಿಗೆ ಹುಡುಕುತ್ತಿದ್ದಾಗ ಗಂಗಮ್ಮ ಮನೆಯಿಂದ ಮುರಿದ ಲಟ್ಟಣಿಗೆ ತಂದುಕೊಟ್ಟಳು. "ರೊಟ್ಟಿ ಬಡಿಯೋ ಮನ್ಯಾಗ ಇದಕ್ಕೇನು ಕೆಲಸ? ತಗೋರಿ, ನಿಮ್ಮ ತೋಪಿಗೆ ಹಚ್ರಿ" ಎಂದಳು. ಮುಡಿಯಲ್ಲಿ ಹಡಗಲಿ ಮಲ್ಲಿಗೆ, ಬಾಯಿ ತುಂಬ ಎಲೆಯಡಿಕೆ. ಮೂವರೂ ಸೇರಿ ಸೈಕಲ್ ಟ್ಯೂಬಿನಿಂದ ಬಿಗಿದೆವು. ಆಗ ಬಿದ್ದು ಬಿದ್ದು ನಕ್ಕದ್ದು.

ಅಂಗಡಿಯ ಹಿಂದಿನ ಪಡಸಾಲೆಯ ಗೋಡೆಯ ಮೇಲೆ ಒಂದು ಕರಿ ಚುಕ್ಕಿ ಬರೆದು ದಿನವೂ ಅಭ್ಯಾಸ. ಕೈ ಚಾಚಿ ಕಲ್ಲು ಹಿಡಿಯಬೇಕು, ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು. ನಾನು ಹಿಡಿದ ಕೂಡಲೇ ತೋರುಬೆರಳು ತಾನಾಗಿ ಕುದುರೆ ಇರಬೇಕಾದ ಕಡೆ ಹೋಗಿ ಕೂರುತ್ತಿತ್ತು. ಅವನು ಡ್ರಿಲ್ ಮಾಸ್ತರನ ಕೈಯಿಂದ ಬೆರಳ ಮೇಲೆ ಒಂದು ಏಟು ಕೊಟ್ಟು, ಅದನ್ನು ಹೊರಗೆ ಎಳೆದು ಪಕ್ಕಕ್ಕೆ ನೆಟ್ಟಗೆ ಇಡುತ್ತಿದ್ದ. "ನಾ ಹೇಳೋತನಕ ಬೆರಳು ಹೊರಗ. ನಾ ಹೇಳೋತನಕ ಕೈ ಮ್ಯಾಲ. ಎಷ್ಟು ಸಲ ಹೇಳ್ಬೇಕೋ ನಿನಗ?" ಎಷ್ಟು ಸಲ ಹೇಳಿದರೂ ನನ್ನ ಬೆರಳು ಒಳಗೇ ಇರುತ್ತಿತ್ತು.

ಆ ಮಳೆಗಾಲದಲ್ಲಿ ಗಂಗಮ್ಮ ತೀರಿಕೊಂಡಳು. ಜ್ವರ ಎಂದು ಮಲಗಿದವಳು ಎಂಟು ದಿನಕ್ಕೆ ಇಲ್ಲವಾದಳು. ಅದರ ಬಗ್ಗೆ ಹೆಚ್ಚು ಬರೆಯುವ ಧೈರ್ಯ ನನಗಿಲ್ಲ. ಪಿಸ್ತೂಲಿನ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮೂರು ತಿಂಗಳ ಮೇಲೆ ಕೊಟ್ರೇಶ ಅಂಗಡಿಗೆ ಬಂದ. ಗಡ್ಡ ಬಿಟ್ಟಿದ್ದ, ಅಂಗಿ ಹೆಗಲಿನಿಂದ ಜೋಲುತ್ತಿತ್ತು. ನೇರ ಪಡಸಾಲೆಗೆ ಹೋಗಿ ಕಲ್ಲು ಎತ್ತಿ ಹಿಡಿದ. ದೂರದ ಊರಿನ ಶೂಟಿಂಗ್ ಕ್ಲಬ್ಬಿಗೆ ಸದಸ್ಯನಾಗಿದ್ದೇನೆ, ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ ಎಂದ. ನನಗೆ ಸಂತೋಷವಾಯಿತು. ಮತ್ತೆ ಜೀವ ಬಂತಲ್ಲ ಇವನಿಗೆ ಎಂದುಕೊಂಡೆ.

ಆಮೇಲೆ ಒಂದು ದಿನ ಹಾಗೇ ಕೈ ಚಾಚಿ, ಕಣ್ಣು ಚುಕ್ಕಿಯ ಮೇಲಿಟ್ಟು ನಿಂತಿದ್ದವನು ತಿರುಗದೆಯೇ ಹೇಳಿದ. "ಗಂಗಿ ಹೋದ ಮ್ಯಾಲ ಯಾಕ ಇರಬೇಕು ಅನಸ್ತೈತಿ ಲೇ ಬಸ್ಯಾ."

ಹೊರಗೆ ಗಿರಾಕಿ ಕರೆದರು. ನಾನು ಹೋಗಿ ಬೆಲ್ಲ ತೂಗಿ ಬರುವಷ್ಟರಲ್ಲಿ ಅವನು ಕಲ್ಲನ್ನು ಕೆಳಗಿಟ್ಟು, ಅರ್ಧ ಕಿಲೋ ರವೆ ತೆಗೆದುಕೊಂಡು ಹೋದ. ಆ ಮಾತು ಮಾತ್ರ ನನ್ನ ಹತ್ತಿರ ಉಳಿಯಿತು. ಸುಮ್ಮನೆ ಆಡಿದ ಮಾತೇ? ಹೆಂಡತಿ ಸತ್ತ ಯಾರಾದರೂ ಆಡುವ ಮಾತೇ? ಇಲ್ಲವೆ ಪಿಸ್ತೂಲಿಗೂ ಆ ಮಾತಿಗೂ ಏನಾದರೂ ನಂಟಿದೆಯೇ? ಅವನ ಮನೆ ನಮ್ಮ ಅಂಗಡಿಯ ಹಿಂದಿನ ಓಣಿ, ನಡೆದರೆ ನೂರು ಹೆಜ್ಜೆ. ಹೋಗಿ ಕೇಳಬೇಕು ಎಂದು ದಿನಾ ಅಂದುಕೊಂಡೆ, ದಿನಾ ಬಿಟ್ಟೆ. ಹೌದು ಎಂದುಬಿಟ್ಟರೆ ಏನು ಮಾಡಲಿ ಎಂಬ ಹೆದರಿಕೆ ನನಗೆ.

ಹತ್ತು ಹನ್ನೆರಡು ದಿನಕ್ಕೆ ಲೈಸೆನ್ಸಿನ ವಿಚಾರಣೆಗೆ ಒಬ್ಬ ಪೇದೆ ಬಂದ. ನೆರೆಯವರ ಹೇಳಿಕೆ ಬೇಕಂತೆ. ನಮ್ಮ ಕಡೆ ಇಂಥ ಹೇಳಿಕೆಗಳು ಮೊದಲೇ ಬರೆದು ಬಂದಿರುತ್ತವೆ, ಅರ್ಜಿದಾರರು ಸಭ್ಯರು, ದುಶ್ಚಟಗಳಿಲ್ಲ ಎಂದು. ಕೆಳಗೆ ಸಹಿ ಹಾಕಿದರೆ ಮುಗಿಯಿತು, ಯಾರೂ ಓದುವುದಿಲ್ಲ.

"ಇಲ್ಲೊಂದು ಸಹಿ ಹಾಕ್ರಿ ಸಾವ್ಕಾರ್ರ. ಬಿಸಿಲು ಏರಾಕತ್ತೈತಿ" ಎಂದ ಪೇದೆ.

ಪೆನ್ನು ಹಿಡಿದೆ. ಸಹಿ ಹಾಕಿದೆ. ಕಾಗದ ಅವನ ಕೈಗೆ ಹೋಗುವ ಮುಂಚೆ ನನ್ನ ಬಾಯಿ ತೆರೆಯಿತು. "ಒಂದು ಮಾತು ಐತಿ ನೋಡ್ರಿ." ಕೊಟ್ರೇಶ ಆಡಿದ ಮಾತು ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಒಂದು ಥರ. ತೂಕ ಸರಿಯಾದ ಮೇಲೂ ಕೈ ತೆಗೆಯುವವನಲ್ಲ ನಾನು. ಊಟ ಬಿಟ್ಟಾನ, ಮಾತು ಕಡಿಮಿ ಮಾಡ್ಯಾನ, ಗಡ್ಡ ಬಿಟ್ಟಾನ, ಮೊದಲಿನ ಮನುಷ್ಯ ಅಲ್ಲ ಎಂದೆಲ್ಲ ಒಂದೊಂದೇ ಹಿಡಿ ಹಾಕಿದೆ. ಪೇದೆ ಟೊಪ್ಪಿಗೆ ತೆಗೆದು, ಕುಳಿತು, ಹೊಸ ಹಾಳೆಯ ಮೇಲೆ ಬರೆಯತೊಡಗಿದ.

ಒಂದು ಮಾತು ಹೇಳಿಬಿಡುತ್ತೇನೆ. ಆ ಮಾತು ಕೇಳಿದ ಮೇಲೆ ಒಬ್ಬನ ಕೈಗೆ ಪಿಸ್ತೂಲು ಹೋಗುವುದನ್ನು ತಡೆದದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಮತ್ತೆ ಆ ದಿನ ಬಂದರೂ ತಡೆಯುತ್ತೇನೆ. ಆದರೆ ಮೊದಲು ಕೇಳಬೇಕಿದ್ದವನು ನೂರು ಹೆಜ್ಜೆ ದೂರದಲ್ಲಿದ್ದ. ಅವನನ್ನು ಕೇಳದೆ, ಗುರುತಿಲ್ಲದ ಒಬ್ಬ ಪೇದೆಗೆ ಬೆಂಚು ಹಾಕಿ ಕೂರಿಸಿ ಹೇಳಿದೆ. ಹೇಳುವಾಗ ನನಗೆ ಹಗುರವಾಯಿತು. ಆ ಹಗುರ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಎರಡು ತಿಂಗಳಿಗೆ ಕೊಟ್ರೇಶ ಒಂದು ಕಾಗದ ತಂದು ನನ್ನ ತಕ್ಕಡಿಯ ಮೇಲಿಟ್ಟ. ತಕ್ಕಡಿ ಅದನ್ನು ತೂಕಕ್ಕೇ ಹಿಡಿಯಲಿಲ್ಲ, ಸೊನ್ನೆ ತೋರಿಸುತ್ತಿತ್ತು. ಅರ್ಜಿ ತಿರಸ್ಕರಿಸಲಾಗಿದೆ. ಕಾರಣ, ನೆರೆಯವರ ಹೇಳಿಕೆಯಂತೆ ಅರ್ಜಿದಾರರು ಮಾನಸಿಕವಾಗಿ ಅಸ್ಥಿರರು.

"ಓದು" ಎಂದ. ಓದಿದೆ.

"ನೀನ ಏನು?"

"ನಾನ."

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು, "ನನ್ನ ಕೇಳಬಹುದಿತ್ತಲ್ಲ ಲೇ" ಎಂದಷ್ಟೇ ಹೇಳಿ ಮೆಟ್ಟಿಲಿಳಿದ. ಆಮೇಲೆ ನನ್ನ ಅಂಗಡಿಗೆ ಬರಲಿಲ್ಲ. ರವೆ, ಸಕ್ಕರೆ, ಎಣ್ಣೆ ಎಲ್ಲಾ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ. ನನ್ನ ಮುಂದೆಯೇ ಕೈಚೀಲ ಹಿಡಿದು ಹೋಗುತ್ತಿದ್ದ. ಅರವತ್ತು ವರ್ಷದಲ್ಲಿ ಮೊದಲ ಸಲ ಅವನು ನನ್ನನ್ನು ನೋಡಿಯೂ ನೋಡದ ಹಾಗೆ ಹೋದ. ಕಲ್ಲು ಮಾತ್ರ ನನ್ನಲ್ಲೇ ಉಳಿಯಿತು. ಎಸೆಯಲು ಮನಸ್ಸಾಗಲಿಲ್ಲ, ಕೊಟ್ಟುಬರಲು ಮುಖವಿರಲಿಲ್ಲ.

ಹೀಗೆ ಒಂದು ವರ್ಷದ ಮೇಲಾಯಿತು. ಹೋದ ಬೇಸಿಗೆಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಮಗಳು ಶಾರದಾ ಹರಪನಹಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಓಣಿಯವರೆಲ್ಲ ಹೋಗಿ ನೋಡಿ ಬಂದರು. ನಾನು ಹೋಗಲಿಲ್ಲ. ಅಂಗಡಿ ಬಿಟ್ಟು ಬರುವುದು ಹೇಗೆ ಎಂದು ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ.

ತೂಕದ ಸಾಹೇಬರು ಬಂದುಹೋದ ವಾರವೇ ಶಾರದಾ ಅಂಗಡಿಗೆ ಬಂದಳು. ಶೇಂಗಾ ಚೀಲದ ಧೂಳು ಒರೆಸಿ ಕೂರಿಸಿ ನೀರು ಕೊಟ್ಟೆ. ಅವಳು ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, "ಅಪ್ಪನ ಕೈಯಾಗ ಸ್ವಲ್ಪ ತ್ರಾಣ ಬರಾಕತ್ತೈತಿ ಮಾವ. ಹಿಡಿದು ರೂಢಿ ಇದ್ದ ವಸ್ತು ಏನಾರ ಕೈಯಾಗ ಕೊಡ್ರಿ ಅಂದಾರ ಡಾಕ್ಟ್ರು. ಎತ್ತಾಕಲ್ಲ, ಬರೇ ಮುಟ್ಟಾಕ. ಅವ್ವನ ಲಟ್ಟಣಿಗಿ ನಿಮ್ಮಲ್ಲಿ ಐತಲ್ಲ" ಎಂದಳು.

ಕಲ್ಲನ್ನು ತಂದು ಅವಳ ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ನೀವ ತಗೊಂಡು ಬರ್ರಿ."

"ಅವ್ವಾ, ನಿನಗ ಎಲ್ಲಾ ಗೊತ್ತೈತಲ್ಲ..."

"ಗೊತ್ತೈತಿ. ಆ ದಿನಗಳಾಗ ಅಪ್ಪ ಸರಿ ಇರಲಿಲ್ಲ ಅಂಬೋದೂ ಗೊತ್ತೈತಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಅಪ್ಪಗ ಐತೋ ಇಲ್ಲೋ ನನಗ ತಿಳಿವಲ್ದು. ಬಂದು ನೀವ ನೋಡ್ರಿ."

ಮರುದಿನ ಕಲ್ಲನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕೊಟ್ಟೂರಿನಲ್ಲಿ ಜನ ತುಂಬಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದವನ ಮೊಣಕೈ ತಾಗಿ, "ಏನೈತ್ರಿ ಅದರಾಗ, ಇಷ್ಟು ಭಾರ?" ಎಂದ. ಈ ಸಲ ಪಿಸ್ತೂಲು ಅನ್ನಲಿಲ್ಲ. "ಲಟ್ಟಣಿಗಿ" ಎಂದೆ. ಕೊಸರು ಹಾಕದೆ ಸುಮ್ಮನಾದೆ.

ಹರಪನಹಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಅವನು ಕುರ್ಚಿಯಲ್ಲಿ ಕುಳಿತಿದ್ದ. ಬಾಯಿ ಒಂದು ಕಡೆ ಎಳೆದಿತ್ತು. ಕಣ್ಣು ಮಾತ್ರ ಅದೇ ಗೋಲಿಯಾಟದ ಕಣ್ಣು, ನನ್ನ ಮೇಲೆ ನೆಟ್ಟಿತು. ನಾನು ಕಲ್ಲನ್ನು ಅವನ ತೊಡೆಯ ಮೇಲಿಟ್ಟೆ. ಬಲಗೈ ಸ್ವಲ್ಪ ಅಲುಗಿತು, ಮೇಲೇಳಲಿಲ್ಲ. ಎಡಗೈಯಿಂದ ಅವನು ಆ ಲಟ್ಟಣಿಗೆಯನ್ನು ಮೆಲ್ಲಗೆ ಸವರಿದ, ಮತ್ತೆ ಸವರಿದ. ಗಂಗಮ್ಮನ ಕೈ ಆಡಿದ ಕಟ್ಟಿಗೆ. ಅವನ ಒಂದು ಕಣ್ಣಿನಿಂದ ನೀರು ಇಳಿಯಿತು. ಶಾರದಾ ಚಹಾ ಮಾಡುತ್ತೇನೆಂದು ಒಳಗೆ ಹೋದಳು.

ನಾನು ಅವನ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತೆ. ನೂರು ಹೆಜ್ಜೆ ನಡೆದು ಕೇಳದ್ದನ್ನು ಬಸ್ಸು ಹತ್ತಿ ಹೋಗಿ ಕೇಳಿದೆ. "ಕೊಟ್ರ್ಯಾ, ಯಾಕ ಇರಬೇಕು ಅನಸ್ತೈತಿ ಅಂದಿದ್ದಿ ಅವತ್ತು. ನಾ ನಿನ್ನ ಕೇಳ್ಲಿಲ್ಲ. ತಪ್ಪಾತು. ಈಗ ಕೇಳ್ತೀನಿ. ಅದು ಖರೇನ ಅಂದಿದ್ದೇನಲೇ?"

ಅವನ ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. "ಬ" ಎಂದೋ ಏನೋ ಒಂದು ಸದ್ದು ಬಂತು. ಅದರ ಮುಂದೆ ಏನೂ ಬರಲಿಲ್ಲ. ಕತ್ತಿನ ನರ ಉಬ್ಬಿತು. ಸಾಕು ಬಿಡು, ಬಿಡು ಎಂದೆ. ಅವನು ಬಿಡಲಿಲ್ಲ. ಮಾತಿನ ಆಸೆ ಬಿಟ್ಟು, ಎಡಗೈಯಿಂದ ಕಲ್ಲನ್ನು ನನ್ನ ಕಡೆ ನೂಕಿದ. ನನ್ನ ಕೈ ಹಿಡಿದು ಹಿಡಿಯ ಮೇಲೆ ಇಟ್ಟ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಲಟ್ಟಣಿಗೆಯ ಸುತ್ತ ಮಡಿಸಿದ. ನನ್ನ ತೋರುಬೆರಳು ಎಂದಿನಂತೆ ಒಳಗೆ ಹೋಗಿ ಕುಳಿತಿತ್ತು. ಅವನು ಏಟು ಕೊಡಲಿಲ್ಲ. ಅದನ್ನು ಮೆಲ್ಲಗೆ ಬಿಡಿಸಿ, ಹೊರಗೆ ತೆಗೆದು, ಕಲ್ಲಿನ ಪಕ್ಕಕ್ಕೆ ನೆಟ್ಟಗೆ ಇಟ್ಟ. ಆಮೇಲೆ ತನ್ನ ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಯ ಕಡೆ ನೋಡಿದ.

ನಾನು ಕೈ ಚಾಚಿದೆ. ಎದುರಿಗೆ ಕ್ಯಾಲೆಂಡರ್ ನೇತುಹಾಕಿದ ಮೊಳೆ ಇತ್ತು. ಉಸಿರು ಅರ್ಧ ಬಿಟ್ಟು ನಿಲ್ಲಿಸಿದೆ. ಹೆಗಲು ಉರಿಯತೊಡಗಿತು, ಕಲ್ಲು ನಡುಗತೊಡಗಿತು.

ಚಹಾ ತಂದ ಶಾರದಾ ಬಾಗಿಲಲ್ಲೇ ನಿಂತಳು. "ಮಾವ, ಕೈ ಇಳಸ್ರಿ, ನೋಯ್ತೈತಿ" ಎಂದಳು.

ನಾನು ಇಳಿಸಲಿಲ್ಲ. ಹೇಳಬೇಕಾದವನು ಇನ್ನೂ ಹೇಳಿರಲಿಲ್ಲ.